ಶಾಸನದ ಚಿತ್ರಗಳಿರುವ ಫೋಲ್ಡರನ್ನು ನೋಡಲು ಸುಲಭವಾಗಿಸುವ ಬಗೆ

ಲಕ್ಕುಂಡಿ, ಗದಗಿನ ತ್ರಿಕೂಟೇಶ್ವರ ಮುಂತಾದ ಕಡೆ ಶಾಸನ ಮತ್ತು ಶಿಲ್ಪಗಳ ಚಿತ್ರ ತೆಗೆಯುವ ನಮ್ಮ ಬಳಗದ ಸದಸ್ಯರಿಗೆ, ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ ಕುರಿತು ಈ ಸಲಹೆ.

ಚಿತ್ರಗಳ ಬದಲು ಬರೀ ಐಕಾನ್‌ಗಳೇ ಕಾಣುತ್ತಿದ್ದರೆ, ಫೋಲ್ಡರ್ ಆಪ್ಷನ್ಸ್‌ನ ವ್ಯೂ ವಿಭಾಗದಲ್ಲಿ ಥಂಬ್‌ನೇಲ್ ಬೇಡ, ಯಾವಾಗಲೂ ಐಕಾನ್ ಸಾಕು ಎಂಬರ್ಥದ ಆಯ್ಕೆಯ ಗುರುತನ್ನು ತೆಗೆಯಿರಿ. ಆಲ್ಟ್ ಮತ್ತು ಪಿ ಒತ್ತಿದರೆ ಬಲಗಡೆ ಪ್ರಿವ್ಯೂ ತೆರೆದುಕೊಳ್ಳುತ್ತದೆ. ಒಂದೇ ಶಾಸನದ ನಾಲ್ಕಾರು ಚಿತ್ರಗಳಲ್ಲಿ ಅಕ್ಷರ ಸ್ಪಷ್ಟವಾಗಿರುವುದನ್ನು ಆರಿಸಲು ಇದೇ ಸಾಕಾಗುತ್ತದೆ.

ಚಿತ್ರವನ್ನು ನಿಮಗಿಷ್ಟವಾದ ವ್ಯೂವರ್‌ನಲ್ಲೇ ತೆರೆಯಬೇಕೆಂದರೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ವಿತ್‌ನಲ್ಲಿ ಬೇರೆ ಆ್ಯಪ್ ಆರಿಸಿ, ಆಲ್ವೇಸ್ ಒತ್ತಬೇಕು. ಆದರೆ ಈ ಹೊಂದಿಕೆ ಆ ಒಂದು ಫೈಲ್ ಮಾದರಿಗೆ ಮಾತ್ರ ಅನ್ವಯಿಸುವುದರಿಂದ, ಜೆಪಿಜಿ, ಪಿಎನ್‌ಜಿ, ಟಿಫ್ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಮಾಡಬೇಕಾಗುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕದ ಕಾಲಂ. ಡೀಟೇಲ್ಸ್ ನೋಟದಲ್ಲಿ ಕಾಲಂ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ ಡೇಟ್ ಟೇಕನ್ ಸೇರಿಸಿಕೊಂಡರೆ, ಚಿತ್ರವನ್ನು ಆಮೇಲೆ ತಿದ್ದಿ ಉಳಿಸಿದ್ದರೂ ತೆಗೆದ ದಿನದ ಕ್ರಮದಲ್ಲೇ ಜೋಡಿಸಬಹುದು. ಡೇಟ್ ಮಾಡಿಫೈಡ್ ಮಾತ್ರ ತಿದ್ದಿದಾಗಲೆಲ್ಲ ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದ ಚಿತ್ರಗಳಲ್ಲಿ ತೆಗೆದ ದಿನಾಂಕದ ಮಾಹಿತಿ ಉಳಿಯುವುದಿಲ್ಲ. ಆದ್ದರಿಂದ ದಯವಿಟ್ಟು ಶಾಸನದ ಚಿತ್ರಗಳನ್ನು ಡಾಕ್ಯುಮೆಂಟ್ ರೂಪದಲ್ಲೇ ಕಳಿಸಿರಿ.