ಹೋಯಾ ಹೂ ಬಿಡಬೇಕೆ? ಕತ್ತರಿ ದೂರ ಇಡಿ

ಹೋಯಾ ಬೆಳೆಸುವ ಬಹಳ ಜನರ ದೂರು ಒಂದೇ. ಬಳ್ಳಿ ಉದ್ದಕ್ಕೆ ಹಬ್ಬಿದೆ, ಎಲೆ ಗಟ್ಟಿಯಾಗಿದೆ, ಹೂ ಮಾತ್ರ ಬರುತ್ತಿಲ್ಲ. ಗಿಡದ ಹತ್ತಿರ ಹೋಗಿ ನೋಡಿದರೆ ಎಷ್ಟೋ ಸಲ ಕಾರಣ ಅಲ್ಲೇ ಸಿಗುತ್ತದೆ. ಹೂ ಬರಬೇಕಾದ ಜಾಗವನ್ನೇ ಚೊಕ್ಕಟ ಮಾಡುವ ಭರದಲ್ಲಿ ಕತ್ತರಿಸಿ ಹಾಕಿರುತ್ತಾರೆ. ಈ ಲೇಖನ ಮುಖ್ಯವಾಗಿ ಆ ಒಂದು ತಪ್ಪನ್ನು ತಪ್ಪಿಸುವುದಕ್ಕೆ.

ಹೋಯಾ ನಮ್ಮ ಎಕ್ಕದ ಬಳಗಕ್ಕೆ ಸೇರಿದ ಬಳ್ಳಿ. ಎಲೆ ಮುರಿದರೆ ಹಾಲು ಒಸರುತ್ತದೆ. ಹೂಗಳು ಐದು ಮೂಲೆಯ ಪುಟ್ಟ ನಕ್ಷತ್ರಗಳು, ಮೇಣದಲ್ಲಿ ಅಚ್ಚು ಹಾಕಿ ತೆಗೆದ ಹಾಗೆ. ಒಂದು ಗೊಂಚಲಿನಲ್ಲಿ ಹತ್ತಿಪ್ಪತ್ತು ಹೂ ಒಟ್ಟಿಗೆ ಅರಳುತ್ತವೆ. ಸಂಜೆ ಕಳೆದ ಮೇಲೆ ಪರಿಮಳ ಜಾಸ್ತಿ. 1810ರಲ್ಲಿ ಈ ಕುಲಕ್ಕೆ ಹೆಸರಿಟ್ಟ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್, ಥಾಮಸ್ ಹೋಯ್ ಎಂಬ ತೋಟಗಾರನ ಗೌರವಕ್ಕೆ ಹೋಯಾ ಎಂದರು. ಗಿಡ ನೋಡಿಕೊಳ್ಳುವವನ ಹೆಸರೇ ಗಿಡಕ್ಕೆ ಸಿಕ್ಕಿದ್ದು ನನಗೆ ತುಂಬಾ ಇಷ್ಟ.

ಗಿಡ ಆರಿಸುವುದು

ಮೊದಲ ಸಲ ಬೆಳೆಸುವವರು ಹೋಯಾ ಕಾರ್ನೋಸಾ ತನ್ನಿ. ತಿಳಿ ಗುಲಾಬಿ ಹೂ, ನಡುವೆ ಕೆಂಪು ಚುಕ್ಕಿ. ಸಣ್ಣಪುಟ್ಟ ಅಲಕ್ಷ್ಯವನ್ನು ತಡೆದುಕೊಳ್ಳುತ್ತದೆ. ಎಲೆಯಲ್ಲಿ ಬಿಳಿ ಅಂಚು ಇರುವ ಬಗೆಗಳು ಚಂದವೇ, ಆದರೆ ನಿಧಾನ.

ಪುಟ್ಟ ಕುಂಡದಲ್ಲಿ ಹೃದಯದ ಆಕಾರದ ಒಂದೇ ಎಲೆ ನೆಟ್ಟು ಮಾರುತ್ತಾರೆ, ನೋಡಿರುತ್ತೀರಿ. ಅದು ಹೋಯಾ ಕೆರ್ರಿಯ ಎಲೆ. ದಯವಿಟ್ಟು ಕೊಳ್ಳಬೇಡಿ. ಎಲೆಯ ಜೊತೆ ಕಾಂಡದ ಗೆಣ್ಣು ಇಲ್ಲದಿದ್ದರೆ ಅದಕ್ಕೆ ಬೇರು ಬರುತ್ತದೆ, ವರ್ಷಗಟ್ಟಲೆ ಹಸಿರಾಗಿಯೂ ಇರುತ್ತದೆ. ಬಳ್ಳಿ ಮಾತ್ರ ಆಗುವುದಿಲ್ಲ. ಬಳ್ಳಿ ಇಲ್ಲದ ಮೇಲೆ ಹೂ ಎಲ್ಲಿಂದ ಬರಬೇಕು?

ಕುಂಡ, ಮಣ್ಣು

ಕಾಡಿನಲ್ಲಿ ಹೆಚ್ಚಿನ ಹೋಯಾಗಳು ಮರದ ಮೇಲೆ ಬೆಳೆಯುತ್ತವೆ. ಬೇರಿಗೆ ಗಾಳಿ ಬೇಕು. ತೆಂಗಿನ ಸಿಪ್ಪೆಯ ಚೂರು ಅಥವಾ ಆರ್ಕಿಡ್‌ಗೆ ಹಾಕುವ ಮರದ ತೊಗಟೆ, ಪರ್ಲೈಟ್ (ಮಣ್ಣು ಸಡಿಲಿಸುವ ಹಗುರ ಬಿಳಿ ಕಾಳು), ಸ್ವಲ್ಪ ಗೊಬ್ಬರ ಬೆರೆಸಿದರೆ ಸಾಕು. ಕುಂಡ ಚಿಕ್ಕದಿರಲಿ, ತಳದಲ್ಲಿ ತೂತಿರಲಿ.

ಬೆಳಕು

ಹೂ ಬೇಕಾದರೆ ಕಿಟಕಿಯ ಪಕ್ಕದಲ್ಲೇ ಇಡಿ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೆ ಒಳ್ಳೆಯದು. ಮಧ್ಯಾಹ್ನದ ಬಿಸಿಲು ಎಲೆ ಸುಡುತ್ತದೆ. ಕೋಣೆಯ ಮೂಲೆಯಲ್ಲಿ ಗಿಡ ಬದುಕಬಹುದು, ಹೂ ಬಿಡುವುದು ಕಷ್ಟ.

ನೀರು

ಇಲ್ಲಿ ವಾರಕ್ಕೆ ಇಷ್ಟು ಸಲ ಅಂತ ಲೆಕ್ಕ ಹಾಕಬೇಡಿ. ಎಲೆಯನ್ನು ಕೇಳಿ. ಬಲಿತ ಎಲೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮಡಚಿ. ಬಿರುಸಾಗಿ ತಡೆದರೆ ನೀರು ಬೇಡ. ಮೆತ್ತಗೆ ಬಾಗಿದರೆ ತಳದಿಂದ ಹರಿದುಹೋಗುವಷ್ಟು ಹಾಕಿ.

ಒಂದು ಎಚ್ಚರಿಕೆ. ಎಲೆ ಸುಕ್ಕಾಗಿದೆ, ಮಣ್ಣು ಮಾತ್ರ ಒದ್ದೆ ಇದೆ ಅಂದರೆ ಬೇರು ಕೊಳೆತಿರಬಹುದು. ನೀರೆಳೆಯಲು ಬೇರೇ ಇಲ್ಲದೆ ಎಲೆ ಬಾಡುತ್ತಿದೆ. ಆಗ ಇನ್ನಷ್ಟು ನೀರು ಸುರಿಯುವವರೇ ಜಾಸ್ತಿ, ಗಿಡ ಹೋಗುವುದೂ ಆಗಲೇ. ಕುಂಡದಿಂದ ತೆಗೆದು, ಕರ್ರಗೆ ಮೆತ್ತಗಾದ ಬೇರು ಕತ್ತರಿಸಿ, ಹೊಸ ಒಣ ಮಿಶ್ರಣದಲ್ಲಿ ನೆಡಿ.

ತೊಟ್ಟು: ಎಲ್ಲರೂ ಎಡವುವ ಹಂತ

ಬಲಿತ ಹೋಯಾ ಕೆಲವೊಮ್ಮೆ ಎಲೆಯೇ ಇಲ್ಲದ ಉದ್ದನೆಯ ಬೋಳು ಬಳ್ಳಿಯನ್ನು ಚಾಚುತ್ತದೆ. ಇದು ಸುಮ್ನೆ ಬೆಳೆದಿದೆ ಅಂತ ಕತ್ತರಿಸಬೇಡಿ. ಎಲೆ ಆಮೇಲೆ ಬರುತ್ತದೆ, ಹೂವಿನ ತೊಟ್ಟೂ ಅಲ್ಲೇ ಮೂಡಬಹುದು. ಆಸರೆಗೆ ತಂತಿಯ ಬಳೆ ಕಟ್ಟಿ, ಬಳ್ಳಿಯನ್ನು ಅದಕ್ಕೆ ಸಡಿಲವಾಗಿ ಸುತ್ತಿ.

ಎಲೆಯ ಬುಡದ ಹತ್ತಿರ, ಗೆಣ್ಣಿನಿಂದ ಗಿಡ್ಡ ಕಡ್ಡಿಯೊಂದು ಹೊರಡುತ್ತದೆ. ಅದರ ತುದಿ ಸಣ್ಣ ಗಂಟಿನಂತೆ ಇರುತ್ತದೆ. ಅದೇ ಗೊಂಚಲಿನ ತೊಟ್ಟು. ಒಮ್ಮೊಮ್ಮೆ ತಿಂಗಳುಗಟ್ಟಲೆ ಏನೂ ಆಗದೆ ಹಾಗೇ ನಿಂತಿರುತ್ತದೆ. ಒಣಗಿದೆ ಅಂದುಕೊಂಡು ಚಿವುಟಬೇಡಿ. ಆಮೇಲೆ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಮೊಗ್ಗುಗಳು ಕಾಣುತ್ತವೆ. ಈಗ ಕುಂಡವನ್ನು ಎತ್ತಿ ಬೇರೆ ಕಡೆ ಇಡಬೇಡಿ, ದಿಕ್ಕು ತಿರುಗಿಸಬೇಡಿ, ಏಸಿಯ ಗಾಳಿ ನೇರ ಬೀಸುವ ಕಡೆ ಇರಲು ಬಿಡಬೇಡಿ. ಮಣ್ಣು ಪೂರ್ತಿ ಒಣಗಲೂ ಬಿಡಬೇಡಿ. ಈ ಹೊತ್ತಿನಲ್ಲಿ ಬೆಳಕೋ ನೀರೋ ಏರುಪೇರಾದರೆ ಮೊಗ್ಗು ಹಳದಿಯಾಗಿ ಉದುರುತ್ತದೆ. ಎಷ್ಟೋ ಜನ ಮೊಗ್ಗು ಕಂಡ ಸಂತೋಷಕ್ಕೆ ಗಿಡವನ್ನು ನಡುಮನೆಗೆ ತಂದಿಟ್ಟು ಕಳೆದುಕೊಂಡಿದ್ದಾರೆ.

ಹೂ ಅರಳಿದಾಗ ಕೆಳಗೆ ಜೇನಿನಂಥ ರಸ ತೊಟ್ಟಿಕ್ಕಬಹುದು. ಬಟ್ಟೆ, ಪುಸ್ತಕ ದೂರ ಇಡಿ. ಹೂ ಬಾಡಿದಾಗ ತಾನೇ ಉದುರಲಿ, ಅಥವಾ ಒಣಗಿದ ಹೂಗಳನ್ನಷ್ಟೇ ಬೆರಳಲ್ಲಿ ಬಿಡಿಸಿ. ತೊಟ್ಟು ಮಾತ್ರ ಗಿಡದ ಮೇಲೆ ಉಳಿಯಬೇಕು. ಗುಲಾಬಿಯಲ್ಲಿ ಬಾಡಿದ ಹೂ ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ, ಆ ಅಭ್ಯಾಸ ಕೈಗೆ ಅಂಟಿಕೊಂಡಿರುತ್ತದೆ ಅಲ್ವಾ? ಹೋಯಾ ಕಾರ್ನೋಸಾ ಹಾಗಲ್ಲ. ಮುಂದಿನ ಗೊಂಚಲು ಅದೇ ಹಳೆಯ ತೊಟ್ಟಿನ ತುದಿಯಿಂದಲೇ ಬರುತ್ತದೆ, ವರ್ಷದ ಮೇಲೆ ವರ್ಷ. ಪ್ರತಿ ಸಲವೂ ತೊಟ್ಟು ತುಸು ಉದ್ದವಾಗುತ್ತದೆ. ಅದನ್ನು ಕತ್ತರಿಸಿದರೆ ಗಿಡ ಮತ್ತೆ ಹೊಸ ತೊಟ್ಟು ಕಟ್ಟಬೇಕು, ನೀವು ಮತ್ತೆ ಕಾಯಬೇಕು. ಹೂದಾನಿಗಾಗಿ ತೊಟ್ಟು ಸಮೇತ ಕೊಯ್ಯುವುದೂ ಬೇಡ.

ಗೊಬ್ಬರದ ವಿಷಯ

ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ತೆಳುವಾದ ದ್ರವಗೊಬ್ಬರ ಸಾಕು. ಸಾರಜನಕ ಅತಿಯಾದರೆ ಬರೀ ಎಲೆ. ‘ವಾರದಲ್ಲಿ ಹೂ’ ಎಂದು ಬರೆದಿರುವ ಬಾಟಲಿಗಳನ್ನು ಅಲ್ಲೇ ಬಿಡಿ. ಎಲೆ ಹೊಳೆಸುವ ಸ್ಪ್ರೇ ಅಂತೂ ಬೇಡವೇ ಬೇಡ, ಅದು ಎಲೆಯ ಉಸಿರಾಟದ ರಂಧ್ರ ಮುಚ್ಚುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹುಳ, ಹೊಸ ಗಿಡ

ಎಕ್ಕಕ್ಕೆ ಮುತ್ತುವ ಹಳದಿ ಹೇನು ಹೋಯಾದ ಎಳೆ ಮೊಗ್ಗನ್ನೂ ಹೀರುತ್ತದೆ. ಅದನ್ನು ನೀರಿನಿಂದ ತೊಳೆದುಬಿಡಿ. ಗೆಣ್ಣಿನ ಸಂದಿಯಲ್ಲಿ ಹತ್ತಿಯ ಚೂರಿನಂತೆ ಕಂಡರೆ ಹಿಟ್ಟು ತಿಗಣೆ. ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿ ಅದ್ದಿ ಒಂದೊಂದನ್ನೇ ಒರೆಸಿ. ವಾರ ಬಿಟ್ಟು ಮತ್ತೆ ನೋಡಿ, ಮೊಟ್ಟೆಗಳು ಉಳಿದಿರುತ್ತವೆ.

ಹೊಸ ಗಿಡಕ್ಕೆ ಎರಡು ಗೆಣ್ಣಿರುವ ಕಡ್ಡಿ ತೆಗೆದು, ಹಾಲು ಒಣಗಿದ ಮೇಲೆ ಕೆಳಗಿನ ಗೆಣ್ಣು ಮುಳುಗುವಂತೆ ನೀರಿನಲ್ಲೋ ಒದ್ದೆ ಪಾಚಿಯಲ್ಲೋ (ಸ್ಫ್ಯಾಗ್ನಮ್ ಮಾಸ್) ಇಡಿ. ಹಾಲು ಕೈಗೆ ತಾಗಿದರೆ ತೊಳೆದುಕೊಳ್ಳಿ. ಕಡ್ಡಿಯಿಂದ ಬೆಳೆದ ಗಿಡ ಹೂ ಬಿಡಲು 2–3 ವರ್ಷ ಹಿಡಿಯುವುದು ಸಾಮಾನ್ಯ. ಅಷ್ಟು ಕಾಯುವ ಮನಸ್ಸಿಲ್ಲದಿದ್ದರೆ, ಈಗಾಗಲೇ ತೊಟ್ಟು ಮೂಡಿರುವ ಬಲಿತ ಬಳ್ಳಿಯನ್ನೇ ಹುಡುಕಿ ತನ್ನಿ.