ಇಂಜೆಕ್ಟರ್ ಮಾಡ್ಯೂಲ್ ಹೋಗಿದೆ ಅಂದಾಗ ಮೊದಲು ಮೀಟರ್ ಹಿಡಿಯಿರಿ

ನಮ್ಮದು ಪಾಂಡವಪುರದ ಕಡೆ ಒಂದು ಆಲೆಮನೆ. ಬೆಲ್ಲ ಮಂಡ್ಯ ಮಾರ್ಕೆಟ್ಟಿಗೆ ಹೋಗೋದು ನನ್ನ ಡೀಸೆಲ್ ಪಿಕಪ್‌ನಲ್ಲಿ. ನಾಲ್ಕು ಸಿಲಿಂಡರ್, ಕಾಮನ್ ರೈಲ್ ಇಂಜಿನ್, ಅಂದರೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನಾಲ್ಕಕ್ಕೂ ರೈಲ್ ಅನ್ನುವ ಒಂದೇ ಪೈಪಿನಿಂದ ಡೀಸೆಲ್ ಹೋಗುವಂಥದ್ದು. ಹೋದ ಹಂಗಾಮಿನಲ್ಲಿ ಅದು ಮಿಸ್ ಹೊಡೆಯಲು ಶುರು ಮಾಡಿತು. ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಲೋಡ್ ಹಾಕಿ ಏರು ಹತ್ತಿಸಿದರೆ ಸಾಕು, ಗಡಗಡ ನಡುಗಿ ಅರ್ಧ ಜೀವ ಆಗುತ್ತಿತ್ತು. ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಹೊರಡುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಐದು ನಿಮಿಷ ಕೂಡ ಆಗಿರಲಿಲ್ಲ. "ಅಣ್ಣಾ, ಇಂಜೆಕ್ಟರ್ ಓಡಿಸೋ ಮಾಡ್ಯೂಲ್ ಹೋಗೈತೆ, ಹೊಸ್ದೇ ಹಾಕ್ಬೇಕು" ಅಂದರು. ಬೆಲೆ ಕೇಳಿ ಗಾಡಿ ವಾಪಸ್ ತಂದೆ. ನನ್ನ ಅಕ್ಕನ ಮಗ ಮೈಸೂರಿನಲ್ಲಿ ಐಟಿಐ ಓದಿದವನು. ಫೋನ್ ಮಾಡಿದೆ. "ಮಾವ, ಕೀ ಆಫ್ ಮಾಡಿದ್ರೆ ಸರಿ ಹೋಗುತ್ತೆ ಅಂದ್ರೆ ಮಾಡ್ಯೂಲ್ ಸತ್ತಿಲ್ಲ, ಏನನ್ನೋ ನೋಡಿ ಹೆದರಿಕೊಂಡು ಬಾಗಿಲು ಹಾಕ್ಕೊಂಡಿದೆ" ಅಂದ. ಭಾನುವಾರ ಬಂದು ನನ್ನ ಕೈಯಲ್ಲೇ ಒಂದೊಂದನ್ನೂ ಮಾಡಿಸಿದ.

ಈ ಮಾಡ್ಯೂಲ್ ಮಾಡುವ ಕೆಲಸ ಏನು ಅಂತ ಮೊದಲು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಬ್ಯಾಟರಿಯ 12 ವೋಲ್ಟ್ ಡೀಸೆಲ್ ಇಂಜೆಕ್ಟರನ್ನು ಬೇಗ ತೆರೆಯಲು ಸಾಲದು. ಅದಕ್ಕೇ ಮಾಡ್ಯೂಲ್ ಒಳಗಿನ ಸರ್ಕ್ಯೂಟ್ ಅದನ್ನು 50 ವೋಲ್ಟ್‌ಗಿಂತ ಮೇಲಕ್ಕೆ ಏರಿಸಿ ಕೆಪಾಸಿಟರ್‌ನಲ್ಲಿ ತುಂಬಿಟ್ಟುಕೊಳ್ಳುತ್ತದೆ. ಸರಿಯಾದ ಹೊತ್ತಿಗೆ ಸುಮಾರು 20 ಆಂಪಿಯರ್‌ನ ಒಂದು ಏಟು ಕೊಟ್ಟು ಇಂಜೆಕ್ಟರ್ ತೆರೆಯುತ್ತದೆ. ಆಮೇಲೆ ಕಡಿಮೆ ಕರೆಂಟ್‌ನಲ್ಲಿ ಹಿಡಿದಿಡುತ್ತದೆ. ಅಮೆರಿಕದ ಫೋರ್ಡ್ 6.0 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್‌ನಲ್ಲಿ ಇದೇ ಬೇರೆ ಡಬ್ಬಿ, 48 ವೋಲ್ಟ್‌ನದು. ನಮ್ಮ ಕಡೆಯ ಪಿಕಪ್, ಕಾರುಗಳಲ್ಲಿ ಹೆಚ್ಚಾಗಿ ಇದು ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಒಳಗೇ ಕೂತಿರುತ್ತದೆ. ಹಾಗಾಗಿ "ಮಾಡ್ಯೂಲ್ ಬದಲಾಯಿಸಿ" ಅಂದರೆ ಇಡೀ ಇಸಿಎಂ ಬದಲಾಯಿಸಿ ಅಂತಲೇ ಅರ್ಥ.

ಕೈ ಹಾಕುವ ಮುಂಚೆ ಎರಡು ಮಾತು. ಇಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ವೈರ್, ಕಪ್ಲರ್ ಮುಟ್ಟಬೇಡಿ. ರೈಲಿನ ಪೈಪನ್ನಂತೂ ಸಡಿಲ ಮಾಡಲೇಬೇಡಿ. ಅಲ್ಲಿ ಡೀಸೆಲ್ ಒತ್ತಡ ನೂರಾರು ಬಾರ್ ಇರುತ್ತದೆ, ಲೋಡ್ ಬಿದ್ದರೆ ಸಾವಿರವನ್ನೂ ದಾಟುತ್ತದೆ, ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಹಳೇ ಗಾಡಿಗಳಲ್ಲಿ ಪೈಪ್ ಸಡಿಲ ಮಾಡಿ ಯಾವ ಸಿಲಿಂಡರ್ ಮಿಸ್ ಅಂತ ನೋಡುತ್ತಿದ್ದರಲ್ವಾ, ಆ ಅಭ್ಯಾಸ ಇಲ್ಲಿ ಬೇಡ.

ನಾವು ಬ್ಯಾಟರಿಯಿಂದ ಶುರು ಮಾಡಿದೆವು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. ನನ್ನದರಲ್ಲಿ 12.1 ಇತ್ತು. ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಬೀಳಬಾರದು. ನನ್ನದು 9ಕ್ಕೆ ಬಿತ್ತು. "ಇದೇ ಕಳ್ಳ" ಅಂತ ನಾನು ಎದ್ದು ನಿಂತೆ. ಅವನು ನಗಲಿಲ್ಲ. ನೆರೆಯವರ ಟ್ರ್ಯಾಕ್ಟರ್ ಬ್ಯಾಟರಿ ತಂದು ಹಾಕಿ, ಕೋಡ್ (ಮಾಡ್ಯೂಲ್ ಬರೆದಿಟ್ಟ ದೂರಿನ ನಂಬರ್) ಅಳಿಸಿ, ಲೋಡ್ ಸಮೇತ ಒಂದು ಸುತ್ತು ಹೋಗಿ ಬಂದೆವು. ಮಿಸ್ ಹಾಗೇ ಇತ್ತು. ಆದರೆ ಮೊದಲು ಆರು ಕೋಡ್ ತೋರಿಸುತ್ತಿದ್ದದ್ದು ಈಗ ಎರಡಕ್ಕೆ ಇಳಿದಿತ್ತು. ವೋಲ್ಟೇಜ್ ಕಡಿಮೆ ಇದ್ದರೆ ಮಾಡ್ಯೂಲ್ ಸುಮ್ನೆ ಸಿಕ್ಕಿದ್ದರ ಮೇಲೆಲ್ಲ ದೂರು ಬರೆಯುತ್ತದೆ. ಅದಕ್ಕೇ ಬ್ಯಾಟರಿ ಸರಿ ಮಾಡದೆ ಕೋಡ್ ನಂಬಬಾರದು.

ಆಮೇಲೆ ಅರ್ತ್. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಸಿಎಂನ ಅರ್ತ್ ವೈರ್ ಬೋಲ್ಟಿಗೆ ಇಡಿ. ಒಬ್ಬರು ಸೆಲ್ಫ್ ಹೊಡೆಯಲಿ. 0.1 ವೋಲ್ಟ್ ಆಸುಪಾಸಿನಲ್ಲಿದ್ದರೆ ಸರಿ, ಜಾಸ್ತಿ ಇದ್ದರೆ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ. ಇಸಿಎಂನ ಫ್ಯೂಸ್, ರಿಲೇ ಕೂಡ ನೋಡಿ. ನನ್ನ ಗಾಡಿಯಲ್ಲಿ ಇವೆಲ್ಲ ಸರಿ ಇದ್ದವು.

ಉಳಿದ ಎರಡು ಕೋಡ್ ಪಿ 0203 ಮತ್ತು ಪಿ 2149. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್, ಒಂದು ಫೋನ್ ಇದ್ದರೆ ಇದನ್ನು ಮನೆಯಲ್ಲೇ ಓದಬಹುದು. ಪಿ 0201ರಿಂದ ಪಿ 0204 ಅಂದರೆ ಒಂದರಿಂದ ನಾಲ್ಕನೇ ಸಿಲಿಂಡರ್‌ನ ಇಂಜೆಕ್ಟರ್ ಸರ್ಕ್ಯೂಟ್. ಸರ್ಕ್ಯೂಟ್ ಅಂದರೆ ಇಂಜೆಕ್ಟರ್, ಕಪ್ಲರ್, ವೈರ್, ಮಾಡ್ಯೂಲ್ ನಾಲ್ಕೂ ಸೇರಿತು. ಗ್ಯಾರೇಜಿನವರು ಕೊನೆಯ ಮಾಡ್ಯೂಲನ್ನು ಮಾತ್ರ ಓದಿದ್ದರು! ಪಿ 2149 ಅಂದರೆ ಇಂಜೆಕ್ಟರ್‌ಗಳ ಬಿ ಗುಂಪಿನ ಸಪ್ಲೈ. ಎಷ್ಟೋ ನಾಲ್ಕು ಸಿಲಿಂಡರ್ ಗಾಡಿಗಳಲ್ಲಿ ಎರಡೆರಡು ಇಂಜೆಕ್ಟರ್ ಒಂದು ಜೋಡಿ. ಜೋಡಿಯಲ್ಲಿ ಒಂದರ ವೈರ್ ಬಾಡಿಗೆ ತಾಗಿದರೂ ಮಾಡ್ಯೂಲ್ ತನ್ನನ್ನು ಉಳಿಸಿಕೊಳ್ಳಲು ಎರಡನ್ನೂ ನಿಲ್ಲಿಸುತ್ತದೆ. ನನ್ನ ಗಾಡಿ ಅರ್ಧ ಜೀವ ಆಗುತ್ತಿದ್ದದ್ದು ಇದಕ್ಕೇ. ಪಿ 0606 ಬಂದಿದ್ದರೆ ಮಾತು ಬೇರೆ, ಅದು ಮಾಡ್ಯೂಲ್‌ನ ಪ್ರೊಸೆಸರ್ ಮೇಲಿನ ದೂರು.

ಇನ್ನು ಇಂಜೆಕ್ಟರ್ ಅಳೆಯುವುದು. ಬ್ಯಾಟರಿ ನೆಗೆಟಿವ್ ಬಿಚ್ಚಿ, ನಾಲ್ಕೂ ಕಪ್ಲರ್ ತೆಗೆಯಿರಿ. ಕಾಯಿಲ್ ಇರುವ ಕಾಮನ್ ರೈಲ್ ಇಂಜೆಕ್ಟರ್‌ನಲ್ಲಿ ಒಂದು ಓಮ್ ಕೂಡ ಇರಲ್ಲ, ಸುಮಾರು 0.3ರಿಂದ 0.5. ಸಾದಾ ಮೀಟರ್‌ನ ಕಡ್ಡಿಗಳಲ್ಲೇ ಅಷ್ಟು ಇರುತ್ತದೆ. ಮೊದಲು ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿ, ಬಂದ ಸಂಖ್ಯೆಯನ್ನು ಕಳೆಯಿರಿ. ಅದಕ್ಕಿಂತ ಮುಖ್ಯ, ನಾಲ್ಕನ್ನೂ ಹೋಲಿಸಿ ನೋಡಿ. ಪೆಟ್ರೋಲ್ ಕಾರಿನ ಇಂಜೆಕ್ಟರ್ ಲೆಕ್ಕವೇ ಬೇರೆ, ಅದರಲ್ಲಿ ಸಾಮಾನ್ಯವಾಗಿ 12ರಿಂದ 16 ಓಮ್. ಪೀಜೋ ಇಂಜೆಕ್ಟರ್ (ಕಾಯಿಲ್ ಬದಲು ಹರಳಿನಿಂದ ತೆರೆಯುವಂಥದ್ದು) ಆದರೆ ಈ ಅಳತೆ ನಡೆಯಲ್ಲ, ಗೊತ್ತಿರುವವರಿಗೆ ಬಿಡಿ. ಕೊನೆಗೆ ಇಂಜೆಕ್ಟರ್‌ನ ಪಿನ್ನಿಗೂ ಅದರ ಮೈಗೂ ಮೀಟರ್ ಇಟ್ಟು ನೋಡಿ. ಮೀಟರ್ ಏನೂ ತೋರಿಸಬಾರದು.

ನನ್ನ ನಾಲ್ಕೂ ಇಂಜೆಕ್ಟರ್ ಒಂದೇ ಸಮ ಇದ್ದವು. ಉಳಿದದ್ದು ವೈರಿಂಗ್ ಮತ್ತು ಮಾಡ್ಯೂಲ್. ಇಸಿಎಂ ಕಪ್ಲರ್ ಬಿಚ್ಚಿ, ಅಲ್ಲಿಂದ 3ನೇ ಇಂಜೆಕ್ಟರ್ ಕಪ್ಲರ್‌ವರೆಗೆ ವೈರ್ ನೋಡಿದೆವು. ಎರಡೂ ಎಳೆ ತುಂಡಾಗಿರಲಿಲ್ಲ. ಬಾಡಿಗೂ ತಾಗಿರಲಿಲ್ಲ. ನಾನು ಆಗಲೇ ಮಾಡ್ಯೂಲ್ ದುಡ್ಡಿಗೆ ಯಾರನ್ನು ಕೇಳೋದು ಅಂತ ಯೋಚಿಸುತ್ತಿದ್ದೆ. "ಮಾವ, ಗಾಡಿ ನಿಂತಾಗ ಮಿಸ್ ಇಲ್ಲ, ಏರಲ್ಲಿ ಇದೆ. ಏರಲ್ಲಿ ಇಂಜಿನ್ ವಾಲುತ್ತೆ" ಅಂದ. ಒಂದು ಕಡ್ಡಿ ಕಪ್ಲರ್ ಪಿನ್ನಿಗೆ, ಇನ್ನೊಂದು ಬಾಡಿಗೆ ಇಟ್ಟು ಮೀಟರನ್ನು ಬೀಪ್‌ಗೆ ಹಾಕಿ, ವೈರ್ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋಗು ಅಂದ. ಇಂಜಿನ್ ಹಿಂಭಾಗದ ಬ್ರಾಕೆಟ್ ಹತ್ತಿರ ಬಂದಾಗ ಬೀಪ್ ಅಂದಿತು. ಸ್ಲೀವ್ ಬಿಚ್ಚಿದರೆ ಇಲಿ ಕಡಿದ ಗುರುತು, ಅರ್ಧ ಇಂಚು ತಾಮ್ರ ಬರಿದಾಗಿತ್ತು. ಆಲೆಮನೆಯಲ್ಲಿ ಕಬ್ಬಿನ ರಚ್ಚಿನ ರಾಶಿ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದೆ. ಬೆಲ್ಲದ ಪುಡಿ ಬೇರೆ ಗಾಡಿ ತುಂಬ. ಇಲಿಗೆ ಇನ್ನೇನು ಬೇಕು?

ಸುಮ್ನೆ ಟೇಪ್ ಸುತ್ತಿ ಬಿಡಬೇಡಿ, ಇಂಜಿನ್ ಬಿಸಿಗೆ ಅಂಟು ಕರಗುತ್ತದೆ. ಕೆಟ್ಟ ತುಂಡು ಕತ್ತರಿಸಿ, ಅಷ್ಟೇ ದಪ್ಪದ ವೈರ್ ಸೇರಿಸಿ, ಬೆಸುಗೆ ಹಾಕಿ, ಹೀಟ್ ಸ್ಲೀವ್ ಎಳೆಯಿರಿ. ಬ್ರಾಕೆಟ್ಟಿಗೆ ಉಜ್ಜದ ಹಾಗೆ ಕಟ್ಟಿ.

ಇದೆಲ್ಲ ಮಾಡಿದ ಮೇಲೂ ಸಪ್ಲೈ, ಅರ್ತ್, ವೈರ್, ಇಂಜೆಕ್ಟರ್ ಸರಿ ಇದ್ದು ಅದೇ ಕೋಡ್ ಬಂದರೆ ಆಗ ಮಾಡ್ಯೂಲ್ ಕಡೆ ತಿರುಗಿ. ಅದರ ಪಿನ್‌ಗಳಲ್ಲಿ ಹಸಿರು ಕಿಲುಬು, ನೀರು ಇಳಿದ ಗುರುತು ಇದೆಯಾ ನೋಡಿ. ಆಸಿಲೋಸ್ಕೋಪ್ (ಕರೆಂಟಿನ ಏರಿಳಿತವನ್ನು ಪರದೆ ಮೇಲೆ ತೋರಿಸುವ ಯಂತ್ರ) ಇರುವವರ ಹತ್ತಿರ ಇಂಜೆಕ್ಟರ್‌ಗೆ ಹೋಗುವ ಕರೆಂಟ್ ಅಳೆಸಿ, ಏಟು ಬರುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಗುಜರಿಯಿಂದ ಹಳೇ ಇಸಿಎಂ ತಂದು ಸಿಕ್ಕಿಸುವ ಆಸೆ ನನಗೂ ಇತ್ತು. ಆದರೆ ಇಮೊಬಿಲೈಸರ್ (ಕೀ ಗುರುತಿಸಿ ಕಳ್ಳತನ ತಡೆಯುವ ವ್ಯವಸ್ಥೆ) ಹೊಂದದಿದ್ದರೆ ಗಾಡಿ ಸ್ಟಾರ್ಟೇ ಆಗಲ್ಲ, ಪ್ರತಿ ಇಂಜೆಕ್ಟರ್ ಮೈಮೇಲೆ ಬರೆದಿರುವ ಅದರದೇ ಕೋಡ್‌ಗಳನ್ನೂ ಅದಕ್ಕೆ ಮತ್ತೆ ತುಂಬಿಸಬೇಕು.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಲೋಡ್ ಸಮೇತ ಓಡಿಸಿಯೇ ನೋಡಿ. ನಾವು ಹಳೇ ಬ್ಯಾಟರಿ ಬದಲಿಸಿ, ಬೆಲ್ಲ ತುಂಬಿಕೊಂಡು ಶ್ರೀರಂಗಪಟ್ಟಣದ ಮೇಲೆ ಮಂಡ್ಯಕ್ಕೆ ಹೋದೆವು. ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುವಾಗ ಅವನು ಮತ್ತೆ ಅಡಾಪ್ಟರ್ ಸಿಕ್ಕಿಸಿದ. ಪೆಂಡಿಂಗ್ ಕೋಡ್ (ಇನ್ನೂ ಪಕ್ಕಾ ಆಗದ ದೂರು) ಕೂಡ ಇರಲಿಲ್ಲ.