ಒಂದು ಉಂಡಿ ಹಿಟ್ಟು, ನಾಲ್ಕು ಪಿರಿಯಡ್ಡು

ಅಡುಗೆಯಿಂದ ಪಾಠ ಅಂದಕೂಡಲೇ ಕೋಸಂಬರಿ, ಭೇಲ್ ಅಂತ ಒಲೆ ಹಚ್ಚದ ತಿನಿಸಿಗೆ ಹೋಗುವವರೇ ಹೆಚ್ಚು. ನಮ್ಮ ಧಾರವಾಡದ ಕಡೆ ಜೋಳದ ರೊಟ್ಟಿಯಲ್ಲಿ ಇರುವಷ್ಟು ಪಾಠ ಅವುಗಳಲ್ಲಿಲ್ಲ. 7ನೇ ತರಗತಿಗೆ ಶನಿವಾರ ನಾನು ಮಾಡಿಸುವುದು ಇದನ್ನೇ, ಐದೈದು ಮಕ್ಕಳ ಗುಂಪಿನಲ್ಲಿ. ಎಸರು, ಹಂಚು ಮಾತ್ರ ದೊಡ್ಡವರ ಕೈಯಲ್ಲೇ ಇರಬೇಕು.

ಗುಂಪಿಗೆ 200 ಗ್ರಾಂ ಹಿಟ್ಟು. ಅರ್ಧಕ್ಕೆ ತಣ್ಣೀರು, ಇನ್ನರ್ಧಕ್ಕೆ ಕುದಿಯುವ ಎಸರು. ಎರಡಕ್ಕೂ 90 ಮಿ.ಲೀ. ತಣ್ಣೀರಿನ ಉಂಡಿ ಬಡಿಯುತ್ತಿದ್ದಂತೆ ಅಂಚು ಸೀಳುತ್ತದೆ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಅನ್ನುವ ಪ್ರೋಟೀನು ಜೋಳದಲ್ಲಿಲ್ಲ. ಬಿಸಿನೀರಿಗೆ ಪಿಷ್ಟ ಉಬ್ಬಿ ಅಂಟಾದರೇ ಜಿಗಿ ಬರುವುದು. ಎಸರಿನ ಉಂಡಿಯೂ ಸೀಳಿದರೆ ಹಿಟ್ಟು ಹಳೆಯದು, ಇಲ್ಲವೇ ಎಸರು ಆರಿತ್ತು. ಆರಿರುವುದೇ ಹೆಚ್ಚು: ಕುದಿದ ನೀರನ್ನು ಅಳತೆ ಲೋಟಕ್ಕೆ ಸುರಿಯುವಷ್ಟರಲ್ಲೇ ಬಿಸಿ ಇಳಿದಿರುತ್ತದೆ. ಮೊದಲೇ ಅಳೆದು, ಮುಚ್ಚಿ ಕುದಿಸಿ, ನೇರ ಹಿಟ್ಟಿಗೆ ಹಾಕಿ. ಸೌಟಿನಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಿಸಿ.

ಗಣಿತಕ್ಕೆ 90 ಗ್ರಾಮಿನ ಎರಡು ಉಂಡಿ ಸಾಕು. ಒಂದನ್ನು 12 ಸೆಂ.ಮೀ. ಅಗಲಕ್ಕೆ ಬಡಿದರೆ ದಪ್ಪ ಸುಮಾರು 6 ಮಿ.ಮೀ. ‘24ಕ್ಕೆ ಬಡಿದರೆ ಎಷ್ಟಾದೀತು?’ ಅಂದರೆ ಇಡೀ ತರಗತಿ ‘ಅರ್ಧ ಆಗತೈತ್ರಿ ಸರ್’ ಅನ್ನುತ್ತದೆ. ಎರಡನೆಯದನ್ನು 24ಕ್ಕೆ ಬಡಿಸಿ, ಆ ಹಸಿ ರೊಟ್ಟಿಯನ್ನು ನಾಲ್ಕು ಕಾಲು ಮಾಡಿ, ನಡುವೆ ಒಣಹಿಟ್ಟು ಉದುರಿಸಿ, ಒಂದರ ಮೇಲೊಂದು ಇಡಿಸಿ. ಮೊದಲಿನ ದಪ್ಪವೇ ಬರುತ್ತದೆ! ವಿಸ್ತೀರ್ಣ ನಾಲ್ಕು ಪಟ್ಟಾಗುವುದನ್ನು ಆಮೇಲೆ ಬೋರ್ಡಿನ ಮೇಲೆ ಬರೆದರಾಯಿತು.

ಉಬ್ಬುವುದು ವಿಜ್ಞಾನ: ಒಳಗಿನ ನೀರು ಹಬೆಯಾಗಿ ಪದರ ಎತ್ತುತ್ತದೆ, ಬಿರುಕಿದ್ದರೆ ಅಲ್ಲೇ ಸೋರಿಹೋಗುತ್ತದೆ. ಬೇಯಿಸುವ ಮೊದಲು, ಬೆಂದ ಮೇಲೆ, ಒಣಗಿ ಖಡಕ್ ಆದ ಮೇಲೆ ಮೂರು ಸಲ ತೂಗಿದರೆ ಶೇಕಡಾವಾರು ಲೆಕ್ಕವೂ ಆಯಿತು, ಖಡಕ್ ರೊಟ್ಟಿ ಯಾಕೆ ಕೆಡುವುದಿಲ್ಲ ಅನ್ನುವುದೂ ತಿಳಿಯಿತು. ಸಮಾಜ ವಿಜ್ಞಾನಕ್ಕೆ ನವಲಗುಂದ, ರೋಣದ ಎರೆ ಹೊಲ (ತೇವ ಹಿಡಿದಿಡುವ ಕಪ್ಪು ಮಣ್ಣು) ಸಾಕು: ಮಳೆ ಮುಗಿಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ ಚಳಿಗಾಲವಿಡೀ ಯಾವ ನೀರಿನಲ್ಲಿ ಬೆಳೆಯುತ್ತದೆ ಅಂತ ಕೇಳಿ.

ಕನ್ನಡ ಕೊನೆಗೆ. ಗುಂಪು ಬರೆದ ವಿಧಾನವನ್ನು ಪಕ್ಕದ ಗುಂಪು ಅಕ್ಷರಶಃ ಮಾಡಬೇಕು, ಬಾಯಿ ಬಿಟ್ಟು ಏನೂ ಕೇಳುವಂತಿಲ್ಲ. ‘ಹಂಚಿಗೆ ಹಾಕಿ ನೀರು ಹಚ್ಚಿ’ ಅಂತ ಬರೆದಿದ್ದರೆ ನೀರು ಹಂಚಿಗೇ ಬೀಳುತ್ತದೆ. ‘ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ಹಾಕಿ, ಒದ್ದೆ ಬಟ್ಟೆಯಿಂದ ಆ ಬದಿ ಸವರಿ’ ಅಂತ ಬರೆಯಲು ಸಾಮಾನ್ಯವಾಗಿ ಮೂರನೇ ಕರಡು ಬೇಕಾಗುತ್ತದೆ.